ಸಣ್ಣಕ್ಷರದ ಷರತ್ತು ಮತ್ತು ಸತ್ಯಾಣುವ್ರತ

ಶ್ರಾವಕನು ವ್ರತಗಳನ್ನು ಸ್ವೀಕರಿಸುವುದಕ್ಕೆ ಮುಂಚೆಯೇ ಬಿಡಬೇಕಾದ ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಹೇಳುವುದು ವಾಡಿಕೆ. ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು, ಪರಸ್ತ್ರೀಸಂಗ ಇವು ಆಮೇಲೆ ಬರುತ್ತವೆ. ಜೂಜಿನಲ್ಲಿ ಸೋತವನು ಸುಳ್ಳಿಗೂ ಕಳವಿಗೂ ಕೈಹಾಕುತ್ತಾನೆ, ಗೆದ್ದವನು ಮದ್ಯಾದಿಗಳ ಕಡೆಗೆ ಹೊರಳುತ್ತಾನೆ. ಆದ್ದರಿಂದ ಉಳಿದ ಆರಕ್ಕೂ ಇದೇ ಬಾಗಿಲು ಎಂದು ಪ್ರವಚನಗಳಲ್ಲಿ ಹೇಳುತ್ತ ಬಂದಿದ್ದಾರೆ. ಪಗಡೆಯ ಹಾಸು, ಇಸ್ಪೀಟಿನ ಕಟ್ಟು, ಜಾತ್ರೆಯ ಮರೆಯ ಜೂಜುಕಟ್ಟೆ ಇವು ಕಣ್ಣಿಗೆ ಬೀಳುತ್ತಿದ್ದ ಕಾಲದಲ್ಲಿ ಮನೆಯ ಹಿರಿಯರಿಗೆ ಎಚ್ಚರಿಸುವುದು ಸುಲಭವಾಗಿತ್ತು. ಈಗ ಜೂಜುಕಟ್ಟೆಯು ಅಂಗೈಯ ಮೊಬೈಲಿಗೆ ಬಂದಿದೆ. ಅಲ್ಲಿಗೆ ಹೋಗಲು ಯಾರೂ ಹೊಸ್ತಿಲು ದಾಟಬೇಕಾಗಿಲ್ಲ. ಉಪವಾಸದ ದಿನ ಬಸದಿಯಿಂದ ಬಂದು ಜಪಕ್ಕೆ ಕುಳಿತವನ ಪಕ್ಕದಲ್ಲಿಯೂ ಅದು ಇರುತ್ತದೆ.

ಆನ್‌ಲೈನ್ ಕ್ಯಾಸಿನೋ ಎಂಬ ಈ ಜೂಜುಕಟ್ಟೆಯ ರೀತಿ ಹಳೆಯದಕ್ಕಿಂತ ಒಂದು ವಿಷಯದಲ್ಲಿ ಭಿನ್ನವಾಗಿದೆ. ಹಳೆಯ ಜೂಜುಗಾರನು ಬಂದವನ ಕೈಯಿಂದ ಮೊದಲು ಪಣವನ್ನು ಕೇಳುತ್ತಿದ್ದನು. ಇದು ಮೊದಲು ಉಡುಗೊರೆಯನ್ನು ನೀಡುತ್ತದೆ. "ನೀವು ಸಾವಿರ ಕಟ್ಟಿರಿ, ಇನ್ನೊಂದು ಸಾವಿರವನ್ನು ನಾವು ಸೇರಿಸುತ್ತೇವೆ" ಎಂದು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತದೆ. ಆ ಸೇರಿಸಿದ ಹಣಕ್ಕೆ ಬೋನಸ್ ಎಂದು ಹೆಸರು. ಅದರ ಕೆಳಗೆ, ಕಣ್ಣಿಗೆ ಸುಲಭವಾಗಿ ನಿಲುಕದ ಸಣ್ಣ ಅಕ್ಷರಗಳಲ್ಲಿ, ಷರತ್ತುಗಳ ಸಾಲು ಇರುತ್ತದೆ. ಅಲ್ಲಿ ಬರೆದಿರುವ ಒಂದೊಂದು ವಾಕ್ಯವೂ ಅಕ್ಷರಶಃ ನಿಜವಾಗಿರಬಹುದು. ಆದರೂ ಓದುಗನು ಮೋಸಹೋಗುತ್ತಾನೆ. ಹಾಗಾದರೆ ಇಲ್ಲಿ ಸುಳ್ಳು ಹೇಳಿದವರು ಯಾರು? ಎಲ್ಲವನ್ನೂ ಬರೆದಿಟ್ಟವನನ್ನು ಅಸತ್ಯವಾದಿಯೆನ್ನಬಹುದೆ? ಓದದೆ ಒಪ್ಪಿದವನು ನಿರ್ದೋಷಿಯೆ? ವ್ರತಧಾರಿಗಳು ಈ ಪ್ರಶ್ನೆಯನ್ನು ಪರರ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಮೊದಲು ಉಡುಗೊರೆಯ ಸ್ವರೂಪವನ್ನು ನೋಡಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಲಕ್ಷಣ ಬಂದಿದೆ. ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೇ ದಾನ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ಅದರ ಫಲವೂ ವಿಶೇಷವಾಗುತ್ತದೆ. ಬೋನಸ್ಸನ್ನು ಈ ಒರೆಗಲ್ಲಿಗೆ ಹಚ್ಚಿದರೆ ಒಂದೂ ನಿಲ್ಲುವುದಿಲ್ಲ. ದಾತೃವಿಗೆ ನಿರ್ಲೋಭವಿಲ್ಲ. ದ್ರವ್ಯವು ಹಣವೆಂದು ಕಂಡರೂ ಹಿಂದಕ್ಕೆ ಪಡೆಯಲಾಗದ, ಆಡುವುದಕ್ಕೆ ಮಾತ್ರ ಬರುವ ಅಂಕೆಯಾಗಿದೆ. ಪಾತ್ರನನ್ನು ಆರಿಸಿದ್ದು ಅವನ ಯೋಗ್ಯತೆಗಾಗಿಯಲ್ಲ, ಅವನು ಸೋಲಬಲ್ಲನೆಂಬ ನಿರೀಕ್ಷೆಯಿಂದ. ವಿಧಿಯಂತೂ ಸಣ್ಣಕ್ಷರದಲ್ಲಿ ಅಡಗಿದೆ. ಬೇಡನು ಬಲೆಯ ಕೆಳಗೆ ಕಾಳು ಚೆಲ್ಲಿದಾಗ ಅದನ್ನು ಯಾರೂ ಆಹಾರದಾನವೆನ್ನುವುದಿಲ್ಲ.

ಆ ವಿಧಿಯನ್ನು ಲೆಕ್ಕಹಾಕಿ ನೋಡುವುದು ಉಚಿತ. ಒಬ್ಬನು 1,000 ರೂಪಾಯಿ ಕಟ್ಟಿ 1,000 ರೂಪಾಯಿ ಬೋನಸ್ ಪಡೆದನೆಂದು ಭಾವಿಸೋಣ. ಷರತ್ತಿನಲ್ಲಿ "35 ಪಟ್ಟು" ಎಂಬ ಎರಡೇ ಮಾತುಗಳಿರುತ್ತವೆ. ಅದರ ಅರ್ಥ, ಬೋನಸ್ಸಿನ 35 ಪಟ್ಟು, ಅಂದರೆ 35,000 ರೂಪಾಯಿಗಳಷ್ಟು ಪಣವನ್ನು ಒಟ್ಟಾರೆ ಒಡ್ಡಿದ ಮೇಲೆಯೇ ಹಣವನ್ನು ಹೊರಗೆ ತೆಗೆಯಬಹುದು ಎಂದು. ಸ್ಲಾಟ್ ಎಂಬ ಯಂತ್ರದಾಟದಲ್ಲಿ 100 ರೂಪಾಯಿ ಪಣಕ್ಕೆ ಸರಾಸರಿ 96 ರೂಪಾಯಿ ಹಿಂತಿರುಗುವಂತೆ ಯಂತ್ರವನ್ನು ಹೊಂದಿಸಿದ್ದರೆ, 35,000 ರೂಪಾಯಿ ಪಣಕ್ಕೆ ಸರಾಸರಿ ನಷ್ಟ 1,400 ರೂಪಾಯಿ. ಬಂದ ಉಡುಗೊರೆ 1,000. ಅದನ್ನು ತನ್ನದಾಗಿಸಿಕೊಳ್ಳಲು ತೆರಬೇಕಾದ ಬೆಲೆ 1,400. ಇನ್ನು ಕೆಲವೆಡೆ "ಕಟ್ಟಿದ ಹಣ ಮತ್ತು ಬೋನಸ್ ಎರಡರ 35 ಪಟ್ಟು" ಎಂದಿರುತ್ತದೆ. ಆಗ ಒಡ್ಡಬೇಕಾದ ಪಣ 70,000 ರೂಪಾಯಿಗೆ ಏರುತ್ತದೆ. ಸರಾಸರಿ ನಷ್ಟ 2,800. ಇದು ಕೈಯಲ್ಲಿರುವ ಒಟ್ಟು 2,000ವನ್ನೂ ಮೀರಿದ ಮೊತ್ತವಾದ್ದರಿಂದ, ಹೆಚ್ಚಿನವರ ಹಣವು ಷರತ್ತು ಮುಗಿಯುವುದಕ್ಕೆ ಮುಂಚೆಯೇ ತೀರಿಹೋಗುವುದು ಸಹಜ. "ಬೋನಸ್" ಎಂಬ ಒಂದು ಪದಕ್ಕೂ "ಕಟ್ಟಿದ ಹಣ ಮತ್ತು ಬೋನಸ್" ಎಂಬ ಪದಗಳಿಗೂ ನಡುವೆ ಇಷ್ಟು ಅಂತರವಿದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಎಲ್ಲ ಆಟಗಳಿಗೂ ಒಂದೇ ಅಳತೆಯಿರುವುದಿಲ್ಲ. ಸ್ಲಾಟಿನಲ್ಲಿ ಒಡ್ಡಿದ ಪಣ ಪೂರ್ತಿಯಾಗಿ ಲೆಕ್ಕಕ್ಕೆ ಬಂದರೆ, ರೂಲೆಟ್ ಎಂಬ ಚಕ್ರದಾಟದಲ್ಲಿ ಒಡ್ಡಿದ ಪಣದ ಹತ್ತನೆಯ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆಂದು ಬರೆದಿರಬಹುದು. ಆಗ 35,000 ಪೂರೈಸಲು 3,50,000 ರೂಪಾಯಿ ಪಣವನ್ನು ಒಡ್ಡಬೇಕು. ಐರೋಪ್ಯ ರೂಲೆಟ್ ಚಕ್ರದಲ್ಲಿ 37 ಮನೆಗಳಿದ್ದು, ಒಂದು ಅಂಕೆಯ ಮೇಲೆ ಗೆದ್ದವನಿಗೆ 35 ಪಟ್ಟು ಮಾತ್ರ ಲಾಭ ಕೊಡುತ್ತಾರೆ. ಆದ್ದರಿಂದ ಪ್ರತಿ ಪಣದಲ್ಲಿಯೂ ಸರಾಸರಿ 37ನೆಯ ಒಂದು ಭಾಗ ಆಡಿಸುವವನಿಗೆ ಉಳಿಯುತ್ತದೆ. 3,50,000ಕ್ಕೆ ಅದು 9,400 ರೂಪಾಯಿಗೂ ಮೇಲಾಗುತ್ತದೆ. ಇದಲ್ಲದೆ ಇಂತಿಷ್ಟು ದಿನಗಳೊಳಗೆ ಪೂರೈಸದಿದ್ದರೆ ಬೋನಸ್ಸೂ ಅದರಿಂದ ಬಂದ ಗೆಲುವೂ ರದ್ದು. ಒಂದು ಬಾರಿಗೆ ಗೊತ್ತಾದ ಮಿತಿಗಿಂತ ಹೆಚ್ಚು ಪಣ ಒಡ್ಡಿದರೆ ಗೆಲುವು ರದ್ದು. ಎಷ್ಟೇ ಗೆದ್ದರೂ ಇಂತಿಷ್ಟಕ್ಕಿಂತ ಹೆಚ್ಚು ಕೊಡಲಾಗದು. ಅಕ್ರಮ ರೀತಿಯ ಆಟವೆಂದು ಸಂಸ್ಥೆಗೆ ತೋರಿದರೆ ಎಲ್ಲವೂ ಮುಟ್ಟುಗೋಲು. ಷರತ್ತುಗಳನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕು ಸಂಸ್ಥೆಯದು. ಹಣ ಕಟ್ಟುವಾಗ ಕೇಳದಿದ್ದ ಗುರುತಿನ ಪತ್ರಗಳನ್ನು ಹಣ ತೆಗೆಯುವಾಗ ಕೇಳುವುದೂ ಉಂಟು.

ಪಣದೊಳಗೆ ಷರತ್ತನ್ನು ಹೂಡುವ ಈ ಜಾಣತನ ಕನ್ನಡನಾಡಿನ ಜನರಿಗೆ ಅಪರಿಚಿತವಲ್ಲ. ಭಾರತಕಥೆಯಲ್ಲಿ ಧರ್ಮರಾಜನು ಮೊದಲ ದ್ಯೂತದಲ್ಲಿ ಎಲ್ಲವನ್ನೂ ಕಳೆದುಕೊಂಡ ಮೇಲೆ ಧೃತರಾಷ್ಟ್ರನು ಸೋತದ್ದನ್ನು ಹಿಂದಿರುಗಿಸಿದನು. ಆ ಮೇಲೆ ಎರಡನೆಯ ಕರೆ ಬಂತು. ಆಗ ಹೂಡಿದ ಪಣ ಹನ್ನೆರಡು ವರ್ಷಗಳ ವನವಾಸ ಮತ್ತು ಒಂದು ವರ್ಷದ ಅಜ್ಞಾತವಾಸ. ಅಜ್ಞಾತದಲ್ಲಿ ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷ ಅಡವಿಯ ಪಾಲು. ಆ ಷರತ್ತು ಸಭೆಯ ನಡುವೆ ಎಲ್ಲರಿಗೂ ಕೇಳುವಂತೆ ಹೇಳಿದ್ದಾಗಿತ್ತು. ಧರ್ಮರಾಜನು ಅದನ್ನು ಕೇಳಿ, ತಿಳಿದು, ಕುಳಿತನು. ಷರತ್ತು ತಿಳಿದಿದ್ದರೂ ವ್ಯಸನಿಯ ಕೈ ತಡೆಯುವುದಿಲ್ಲ ಎಂಬುದನ್ನು ಇದರಿಂದ ಅರಿಯಬಹುದು. ಈ ಮಾತು ಮುಂದಿನ ವಿಚಾರಕ್ಕೂ ಬೇಕಾಗಿದೆ.

ಸಣ್ಣಕ್ಷರದ ಪ್ರಶ್ನೆಯನ್ನು ಲೌಕಿಕ ನ್ಯಾಯವೂ ಕೈಗೆತ್ತಿಕೊಂಡಿದೆ. ಆನ್‌ಲೈನ್ ಜೂಜಿಗೆ ಪರವಾನಗಿ ಕೊಟ್ಟಿರುವ ಬ್ರಿಟನ್ನಿನಲ್ಲಿ ನಡೆದ ಸಂಗತಿಗಳು ಇದಕ್ಕೆ ಉದಾಹರಣೆ. ತಾನು ಕಟ್ಟಿದ ಸ್ವಂತ ಹಣವನ್ನು ಹಿಂದಕ್ಕೆ ಪಡೆಯಬೇಕಾದರೂ ಹಲವು ಬಾರಿ ಆಡಲೇಬೇಕೆಂಬ ಷರತ್ತುಗಳು ಅಲ್ಲಿದ್ದವು. ಸ್ಪರ್ಧೆ ಮತ್ತು ಮಾರುಕಟ್ಟೆಗಳ ಪ್ರಾಧಿಕಾರವು ವಿಚಾರಣೆ ನಡೆಸಿದ ಮೇಲೆ, 2018ರ ಫೆಬ್ರವರಿಯಲ್ಲಿ ಮೂರು ಸಂಸ್ಥೆಗಳು ಅಂತಹ ಷರತ್ತನ್ನು ಕೈಬಿಡುವುದಾಗಿ ಬರೆದುಕೊಟ್ಟವು. ಅದೇ ವರ್ಷದ ಜನವರಿಯಲ್ಲಿ ಒಬ್ಬ ಆಟಗಾರನ ಖಾತೆಯಲ್ಲಿ 17 ಲಕ್ಷ ಪೌಂಡುಗಳಿಗೂ ಹೆಚ್ಚಿನ ಗೆಲುವು ಕಾಣಿಸಿಕೊಂಡಿತ್ತು. ತಂತ್ರಾಂಶದಲ್ಲಿ ದೋಷವಿತ್ತು, ಅಂತಹ ಸಂದರ್ಭದಲ್ಲಿ ಹಣ ಕೊಡಬೇಕಾಗಿಲ್ಲವೆಂದು ಷರತ್ತಿನಲ್ಲಿದೆ ಎಂದು ಸಂಸ್ಥೆಯು ಕೊಡಲು ನಿರಾಕರಿಸಿತು. 2021ರ ಏಪ್ರಿಲ್‌ನಲ್ಲಿ ಲಂಡನ್ನಿನ ಹೈಕೋರ್ಟು ಆಟಗಾರನ ಪರವಾಗಿ ತೀರ್ಪಿತ್ತಿತು. ಸಂಸ್ಥೆಯು ತೋರಿಸಿದ ಷರತ್ತುಗಳ ಮಾತು ಆ ಸಂದರ್ಭಕ್ಕೆ ಹೊಂದುವಂತಹದಲ್ಲ. ಹೊಂದಿದ್ದರೂ, ಅಷ್ಟು ಭಾರವಾದ ಷರತ್ತನ್ನು ಆಟಗಾರನ ಗಮನಕ್ಕೆ ನ್ಯಾಯವಾಗಿ ತಂದಿರಲಿಲ್ಲ ಎಂಬುದು ಆ ತೀರ್ಪಿನ ತಿರುಳು. ಬರೆದದ್ದು ಬೇರೆ, ತಿಳಿಸಿದ್ದು ಬೇರೆ ಎಂಬ ಭೇದವನ್ನು ಅಲ್ಲಿನ ನ್ಯಾಯಾಲಯ ಎತ್ತಿಹಿಡಿಯಿತು. ಬೋನಸ್ಸಿನ ಷರತ್ತು 10 ಪಟ್ಟನ್ನು ಮೀರಬಾರದೆಂಬ ನಿಯಮವನ್ನೂ ಅಲ್ಲಿನ ಜೂಜು ನಿಯಂತ್ರಣ ಆಯೋಗವು 2025ರಲ್ಲಿ ಪ್ರಕಟಿಸಿ, 2026ರ ಜನವರಿ 19ರಿಂದ ಜಾರಿಗೆ ಬರುವಂತೆ ಗೊತ್ತುಪಡಿಸಿತು.

ಈಗ ಶಾಸ್ತ್ರದೃಷ್ಟಿಯಿಂದ ವಿಚಾರಿಸಬೇಕು. ಪ್ರಮಾದಯೋಗದಿಂದ ಅಸತ್ತಾದುದನ್ನು ನುಡಿಯುವುದೇ ಅನೃತವೆಂದು ಸೂತ್ರಕಾರರ ಅಭಿಪ್ರಾಯ. ಅಸತ್ತೆಂದರೆ ಇಲ್ಲದ್ದು ಎಂದಷ್ಟೇ ಅರ್ಥವಲ್ಲ, ಅಪ್ರಶಸ್ತವಾದುದು, ಪ್ರಾಣಿಗಳಿಗೆ ಪೀಡೆಯನ್ನು ತರುವಂತಹದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿದ್ದಾರೆ. ಈ ವಿವರಣೆಯನ್ನು ಒಪ್ಪಿದರೆ, ವಾಕ್ಯವು ವಸ್ತುಸ್ಥಿತಿಗೆ ಹೊಂದಿತೆಂಬ ಮಾತ್ರಕ್ಕೆ ಅದು ಸತ್ಯವೆನಿಸುವುದಿಲ್ಲ. ಯಾವ ಭಾವದಿಂದ ನುಡಿಯಿತು, ಕೇಳಿದವನಿಗೆ ಏನಾಯಿತು ಎಂಬುದೂ ಸತ್ಯದ ಅಂಗವಾಗುತ್ತದೆ. ದೊಡ್ಡ ಅಕ್ಷರದ ಮಾತನ್ನು ನಂಬಲೆಂದೂ, ಸಣ್ಣ ಅಕ್ಷರದ ಮಾತನ್ನು ಓದದಿರಲೆಂದೂ ಬಯಸಿ ಬರೆದಲ್ಲಿ, ಬರೆಯುವವನ ಭಾವದಲ್ಲಿಯೇ ಅನೃತವು ನೆಲೆಸಿರುತ್ತದೆ.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದು ಈ ಪ್ರಕರಣಕ್ಕೆ ಬಹಳ ಹತ್ತಿರವಾದುದು. ಒಬ್ಬನು ನೂರು ಹೊನ್ನನ್ನು ಇನ್ನೊಬ್ಬನಲ್ಲಿ ಇರಿಸಿ ಹೋಗಿ, ಕಾಲಾನಂತರದಲ್ಲಿ ಎಣಿಕೆಯನ್ನು ಮರೆತು ಬಂದು, "ತೊಂಬತ್ತು ಇಟ್ಟಿದ್ದೆ, ಕೊಡಿ" ಎನ್ನುತ್ತಾನೆ. ಇರಿಸಿಕೊಂಡವನು "ಹಾಗೆಯೇ ಆಗಲಿ" ಎಂದು ತೊಂಬತ್ತನ್ನು ಎಣಿಸಿ ಕೊಡುತ್ತಾನೆ. ಅವನು ಒಂದೂ ಸುಳ್ಳು ಮಾತನ್ನು ತಾನಾಗಿ ಹುಟ್ಟಿಸಲಿಲ್ಲ, ಕೇಳಿದ್ದನ್ನು ಕೊಟ್ಟನು. ಆದರೂ ಶಾಸ್ತ್ರವು ಅವನ ವ್ರತಕ್ಕೆ ಕಲೆ ತಗಲಿತೆಂದು ಹೇಳುತ್ತದೆ. ಪರರ ಮರವೆಯನ್ನೂ ಅಜ್ಞಾನವನ್ನೂ ತನ್ನ ಲಾಭವನ್ನಾಗಿ ಮಾಡಿಕೊಳ್ಳುವ ಒಪ್ಪಿಗೆಯ ಮಾತೇ ಅಲ್ಲಿಯ ದೋಷ. ಸಣ್ಣಕ್ಷರದ ಷರತ್ತು ಇದೇ ಜಾತಿಗೆ ಸೇರಿದ್ದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಇದೆ: ಕೊಡುವಾಗ ಕಿರಿಯ ಅಳತೆ, ಕೊಳ್ಳುವಾಗ ಹಿರಿಯ ಅಳತೆ. ಸಂಸ್ಥೆಯು ಆಟಗಾರನ ಸೋಲನ್ನು ರೂಪಾಯಿಗೆ ರೂಪಾಯಿಯಾಗಿ ಎಣಿಸಿ, ಷರತ್ತು ಪೂರೈಸುವ ಲೆಕ್ಕದಲ್ಲಿ ಅದೇ ರೂಪಾಯಿಯನ್ನು ಹತ್ತು ಪೈಸೆಯಾಗಿ ಎಣಿಸಿದರೆ, ಅದು ಎರಡು ಅಳತೆಯ ವ್ಯಾಪಾರವಲ್ಲದೆ ಬೇರೇನು?

ಆದರೆ ದೋಷವನ್ನೆಲ್ಲ ಒಂದೇ ಕಡೆಗೆ ಹೊರಿಸುವುದೂ ವಿವೇಕವಲ್ಲ. ಖಾತೆ ತೆರೆಯುವವನ ಮುಂದೆ ಒಂದು ಚಿಕ್ಕ ಚೌಕವಿರುತ್ತದೆ. "ಷರತ್ತುಗಳನ್ನು ಓದಿದ್ದೇನೆ, ಒಪ್ಪಿದ್ದೇನೆ" ಎಂದು ಅಲ್ಲಿ ಗುರುತುಹಾಕಬೇಕು. ಓದದವನು ಅದನ್ನು ಒತ್ತಿದ ಕ್ಷಣದಲ್ಲಿ ತಾನು ಮಾಡದ್ದನ್ನು ಮಾಡಿದೆನೆಂದು ಬರಹದಲ್ಲಿ ಹೇಳಿದಂತಾಯಿತು. ಮೋಸಹೋದವನ ಮೊದಲ ಮಾತೇ ಅಸತ್ಯವಾದದ್ದು ಈ ವ್ಯವಹಾರದ ವಿಚಿತ್ರ. ಜೂಜಿನ ಗೊಡವೆಗೇ ಹೋಗದ ಶ್ರಾವಕ ಶ್ರಾವಿಕೆಯರೂ ಸಾಲದ ಪತ್ರ, ವಿಮೆಯ ಪತ್ರ, ಮೊಬೈಲಿನ ಹತ್ತಾರು ಅನುಕೂಲಗಳಿಗಾಗಿ ಇದೇ ಮಾತನ್ನು ಓದದೆ ಹೇಳುತ್ತಿರುತ್ತಾರೆ. ಅಂತಹ ಪತ್ರಗಳು ಹತ್ತಾರು ಪುಟಗಳಷ್ಟು ಉದ್ದವಾಗಿರುವುದರಿಂದ ಎಲ್ಲವನ್ನೂ ಓದುವುದು ಕಷ್ಟವೆಂಬುದು ದಿಟ. ಆದರೂ ಪ್ರಯೋಜನವನ್ನು ವಿಚಾರಿಸದೆ ಕ್ರಿಯೆಗೆ ತೊಡಗುವುದಕ್ಕೆ ಅಸಮೀಕ್ಷ್ಯಾಧಿಕರಣವೆಂದು ಹೆಸರಿಟ್ಟು, ಅದನ್ನು ಅನರ್ಥದಂಡವ್ರತದ ಅತಿಚಾರಗಳಲ್ಲಿ ಸೇರಿಸಿರುವುದನ್ನು ಮರೆಯಬಾರದು. ಅವಶ್ಯವಾದ ಪತ್ರಕ್ಕೆ ಓದಿ ಅಥವಾ ಬಲ್ಲವರಿಂದ ಓದಿಸಿ ಒಪ್ಪಿಗೆ ಕೊಡುವುದು, ಅನಾವಶ್ಯಕವಾದುದಕ್ಕೆ ಕೊಡದಿರುವುದು, ಇಷ್ಟನ್ನು ಗೃಹಸ್ಥನು ಸಾಧಿಸಬಹುದು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಷರತ್ತುಗಳನ್ನೆಲ್ಲ ಚೆನ್ನಾಗಿ ಓದಿ, ಲೆಕ್ಕಹಾಕಿ, ಲಾಭವಿದ್ದಲ್ಲಿ ಮಾತ್ರ ಆಡುವ ಜಾಣನಿಗೆ ಏನು ದೋಷ? ಬ್ರಿಟನ್ನಿನ ಹೊಸ ನಿಯಮದಂತೆ 10 ಪಟ್ಟಿಗೆ ಮಿತಿ ಬಂದರೆ, ಮೇಲಿನ ಉದಾಹರಣೆಯಲ್ಲಿ ಪಣ 10,000, ಸರಾಸರಿ ನಷ್ಟ 400, ಬೋನಸ್ 1,000, ಲಾಭವೇ ಆಯಿತಲ್ಲ? ಲೆಕ್ಕವು ಸರಿ. ಆದರೆ ಸರಾಸರಿಯೆಂಬುದು ಸಾವಿರ ಜನರ ಲೆಕ್ಕ. ಒಬ್ಬನ ಪಾಲಿಗೆ ಏನು ಬರುವುದೆಂದು ಅದು ಹೇಳುವುದಿಲ್ಲ. ಸಂಸ್ಥೆಗಳೂ ಇಂತಹ ಜಾಣರನ್ನು ಬಲ್ಲವು. ಅವರನ್ನು ಬೋನಸ್ಸಿನ ದುರುಪಯೋಗ ಮಾಡುವವರೆಂದು ಕರೆದು ಖಾತೆ ಮುಚ್ಚುವ ಷರತ್ತನ್ನೂ ಬರೆದಿಟ್ಟಿರುತ್ತವೆ. ಉಡುಗೊರೆ ಮುಗಿದ ಮೇಲೆಯೂ ಯಂತ್ರವು 100ಕ್ಕೆ 4ರಂತೆ ಕಳೆಯುವುದನ್ನು ನಿಲ್ಲಿಸುವುದಿಲ್ಲ, ಆಡುವ ಚಪಲವೂ ನಿಲ್ಲುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯವಾದ ಉತ್ತರ ಬೇರೆಯಿದೆ. ಆ ಜಾಣನಿಗೆ ಬಂದ ಲಾಭವು ಯಾರದೋ ಮನೆಯ ಮಕ್ಕಳ ಶುಲ್ಕ, ಯಾರೋ ಒತ್ತೆಯಿಟ್ಟ ಒಡವೆ. ಅದನ್ನು ಬಯಸುವ ಚಿಂತನೆಯೇ ಅಪಧ್ಯಾನ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ದ್ಯೂತವನ್ನು ಅನರ್ಥದಂಡದ ಪ್ರಕರಣದಲ್ಲಿಯೇ ಎತ್ತಿಕೊಂಡು, ಅದನ್ನು ದೂರದಿಂದಲೇ ಪರಿಹರಿಸಬೇಕೆಂದು ವಿಧಿಸಿದ್ದಾರೆ. ಸೋಲುವ ಜೂಜು, ಗೆಲ್ಲುವ ಜೂಜು ಎಂಬ ವಿಭಾಗವನ್ನು ಅವರು ಮಾಡಲಿಲ್ಲ. ರಾಜ್ಯದ ಕಾನೂನು ಅಳತೆಯನ್ನು ಸರಿಪಡಿಸಬಲ್ಲುದು. ಸರಿಯಾದ ತಕ್ಕಡಿಯಲ್ಲಿ ತೂಗಿದರೂ ವಿಷವು ವಿಷವೇ. ಷರತ್ತನ್ನು ಅರಿತೇ ಕುಳಿತ ಧರ್ಮರಾಜನ ಕಥೆ ಇಲ್ಲಿ ನೆನಪಿಗೆ ಬರಬೇಕು.

ಸಣ್ಣಕ್ಷರದ ಷರತ್ತುಗಳು ಜೂಜಿಗೆ ಮಾತ್ರ ಇವೆಯೆಂದಲ್ಲ, ವ್ರತಕ್ಕೂ ಇವೆ. ಸಮ್ಯಕ್ತ್ವಕ್ಕೆ ಐದು, ಹನ್ನೆರಡು ವ್ರತಗಳಿಗೆ ಐದೈದರಂತೆ ಅರವತ್ತು, ಸಲ್ಲೇಖನೆಗೆ ಐದು, ಹೀಗೆ ಒಟ್ಟು 70 ಅತಿಚಾರಗಳನ್ನು ಶಾಸ್ತ್ರದಲ್ಲಿ ಎಣಿಸಿದ್ದಾರೆ. ಇವು ವ್ರತವೆಂಬ ಒಪ್ಪಂದದ ಸೂಕ್ಷ್ಮ ಷರತ್ತುಗಳೇ ಸರಿ. ಆದರೆ ಎರಡರ ಉದ್ದೇಶವನ್ನು ಹೋಲಿಸಿದರೆ ಅಂತರ ತಿಳಿಯುತ್ತದೆ. ಕ್ಯಾಸಿನೋ ಸಂಸ್ಥೆಯು ತನಗೆ ನುಸುಳುದಾರಿ ಇರಲೆಂದು, ಎದುರಾಳಿಯು ಸಿಕ್ಕಿಬೀಳಲೆಂದು ಷರತ್ತುಗಳನ್ನು ಬರೆಯುತ್ತದೆ. ವ್ರತಿಯು ತನ್ನ ಮನಸ್ಸಿನ ನುಸುಳುದಾರಿಗಳನ್ನು ಮುಚ್ಚಲೆಂದು, ಪರರಿಗೆ ಪೀಡೆಯಾಗದಿರಲೆಂದು ಅತಿಚಾರಗಳನ್ನು ಕಲಿಯುತ್ತಾನೆ. ಅಲ್ಲಿ ಸೂಕ್ಷ್ಮವನ್ನು ಮರೆಮಾಡುತ್ತಾರೆ; ಇಲ್ಲಿ ಗುರುಗಳು ವ್ರತವನ್ನು ಕೊಡುವುದಕ್ಕೆ ಮುಂಚೆ ಶಿಷ್ಯನ ಶಕ್ತಿಯನ್ನು ವಿಚಾರಿಸಿ, ದೋಷಗಳನ್ನು ತಿಳಿಸಿ ಹೇಳುತ್ತಾರೆ. ಉಪವಾಸವನ್ನು ಹಿಡಿದವನು "ಇದು ಅನ್ನವಲ್ಲವಲ್ಲ, ಅದು ಹಣ್ಣಷ್ಟೆ" ಎಂದು ಮಾತಿನ ಸಂದಿಯಲ್ಲಿ ನುಸುಳತೊಡಗಿದರೆ ಅವನೂ ಸಣ್ಣಕ್ಷರದ ವ್ಯಾಪಾರವನ್ನೇ ಆರಂಭಿಸಿದಂತೆ. ಅಂಗಡಿಯ ಮುಂದೆ ರಿಯಾಯಿತಿಯನ್ನು ಗೇಣುದ್ದದ ಅಕ್ಷರದಲ್ಲಿಯೂ "ಷರತ್ತುಗಳು ಅನ್ವಯಿಸುತ್ತವೆ" ಎಂಬುದನ್ನು ಎಳ್ಳುಗಾತ್ರದಲ್ಲಿಯೂ ಬರೆಸುವ ಶ್ರಾವಕ ವರ್ತಕನು ದೂರದ ಕ್ಯಾಸಿನೋವನ್ನು ನಿಂದಿಸುವುದಕ್ಕೆ ಮುಂಚೆ ತನ್ನ ಫಲಕವನ್ನೊಮ್ಮೆ ನೋಡಿಕೊಳ್ಳುವುದು ಒಳಿತು.

ವ್ರತಭಂಗವು ಒಮ್ಮೆಗೇ ಆಗುವುದಿಲ್ಲ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಮೆಟ್ಟಿಲುಗಳಿಂದ ಅದು ಇಳಿಯುತ್ತದೆ. ಹಸಿರು ಪೈರನ್ನು ಕಂಡ ಎತ್ತಿಗೆ ಮೊದಲು ಆಸೆ ಹುಟ್ಟುತ್ತದೆ. ಬಳಿಕ ಬೇಲಿಯನ್ನು ಮೀರಲು ಹವಣಿಸುತ್ತದೆ. ಆಮೇಲೆ ಕತ್ತು ಚಾಚಿ ಒಂದು ತುತ್ತು ಕಡಿಯುತ್ತದೆ. ಕೊನೆಗೆ ಹೊಲದೊಳಗೇ ನಿಂತು ಮೇಯುತ್ತದೆ. "ಉಚಿತವಾಗಿ ಬರುತ್ತಿದೆಯಲ್ಲ, ಏನಿದೆಯೋ ನೋಡೋಣ" ಎಂಬ ಯೋಚನೆ ಅತಿಕ್ರಮ. ಹೆಸರು ಕೊಟ್ಟು, ಓದದೆ ಒಪ್ಪಿ, ಖಾತೆ ತೆರೆಯುವುದು ವ್ಯತಿಕ್ರಮ. ಉಡುಗೊರೆಯ ಹಣದಲ್ಲಿ ಒಂದೆರಡು ಸುತ್ತು ಆಡುವುದು ಅತಿಚಾರ. ಸೋತದ್ದನ್ನು ಮರಳಿ ಪಡೆಯಲು ಸ್ವಂತ ಹಣವನ್ನು ಕಟ್ಟುತ್ತ ಹೋಗುವುದು ಅನಾಚಾರ. ಬೋನಸ್ಸನ್ನು ಹೂಡಿದವರು ಮೊದಲ ಮೆಟ್ಟಿಲನ್ನು ಎಷ್ಟು ನಯವಾಗಿ ಮಾಡಿದ್ದಾರೆಂದರೆ ಇಳಿದದ್ದು ಇಳಿದವನಿಗೇ ತಿಳಿಯುವುದಿಲ್ಲ.

ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಪ್ರೋತ್ಸಾಹ ಮತ್ತು ನಿಯಂತ್ರಣದ ಕಾಯ್ದೆಯನ್ನು ಅಂಗೀಕರಿಸಿತು. ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಹಣವನ್ನು ಒಡ್ಡಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಡೆಸುವುದನ್ನು ಅದು ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ ಗೊತ್ತುಮಾಡಿದೆ. ಆಡುವವನನ್ನು ಅಪರಾಧಿಯೆಂದು ಅದು ಎಣಿಸಿಲ್ಲ. ದೂರದ ದ್ವೀಪಗಳ ಪರವಾನಗಿ ಹಿಡಿದು ನಡೆಯುವ ಕ್ಯಾಸಿನೋಗಳಿಂದ ಹಣ ಬಾರದಿದ್ದರೆ ಇಲ್ಲಿಯ ಗೃಹಸ್ಥನು ಯಾವ ಕಚೇರಿಯ ಕಟ್ಟೆ ಹತ್ತಬೇಕು? ಕಾನೂನು ಆಡುವವನನ್ನು ದಂಡಿಸಲಿಲ್ಲವೆಂದು ವ್ರತಿಯು ನಿಶ್ಚಿಂತನಾಗಬೇಕಾಗಿಲ್ಲ. ಕರ್ಮಾಸ್ರವಕ್ಕೆ ಅಂತಹ ವಿನಾಯಿತಿ ಇಲ್ಲ.

ಆದುದರಿಂದ ಜೀವಮಾನಪರ್ಯಂತ ದ್ಯೂತತ್ಯಾಗದ ಯಮವನ್ನು ಸ್ವೀಕರಿಸಿದವರು ಅದರಲ್ಲಿ ಮೊಬೈಲಿನ ಆಟವೂ ಉಚಿತ ಬೋನಸ್ಸೂ ಸೇರಿದೆಯೆಂದು ಸ್ಪಷ್ಟಪಡಿಸಿಕೊಳ್ಳಬೇಕು. ಅಷ್ಟು ಶಕ್ತಿ ಸಾಲದವರು ದಶಲಕ್ಷಣ ಪರ್ವದ ಹತ್ತು ದಿನಗಳಿಗಾದರೂ ಒಂದು ನಿಯಮವನ್ನು ಹಿಡಿಯಬಹುದು: ಓದದ ಯಾವ ಪತ್ರಕ್ಕೂ ಒಪ್ಪಿದ್ದೇನೆ ಎನ್ನುವುದಿಲ್ಲ. ಮನೆಯ ಹಿರಿಯರು ಮಕ್ಕಳನ್ನು ಗದರಿಸುವುದಕ್ಕಿಂತ, ಅಂತಹ ಒಂದು ಜಾಹೀರಾತನ್ನು ಮುಂದಿಟ್ಟುಕೊಂಡು ಕಾಗದ ಪೆನ್ಸಿಲುಗಳಿಂದ 35 ಪಟ್ಟಿನ ಲೆಕ್ಕವನ್ನು ಅವರಿಂದಲೇ ಮಾಡಿಸುವುದು ಮೇಲು. ಈಗಾಗಲೇ ಸಿಕ್ಕಿಕೊಂಡು ಸಾಲಮಾಡಿದವನು ಮನೆಯಲ್ಲಿದ್ದರೆ ಅವನನ್ನು ಹೀಯಾಳಿಸದೆ, ಮುಚ್ಚಿಡದೆ, ಜಾರಿದವನನ್ನು ಮತ್ತೆ ನಿಲ್ಲಿಸುವ ಸ್ಥಿತಿಕರಣವೆಂಬ ಸಮ್ಯಕ್ತ್ವದ ಅಂಗವನ್ನು ಅವನ ವಿಷಯದಲ್ಲಿ ಆಚರಿಸಬೇಕು. ಸೋತವನು ಸುಳ್ಳಿನ ಮೊರೆಹೋಗುವುದು ಹೆಚ್ಚಾಗಿ ಮನೆಯವರ ಭಯದಿಂದ. ಆ ಭಯವನ್ನು ಕಳೆದರೆ ಅವನು ಮೊದಲ ಸತ್ಯವನ್ನು ನುಡಿಯಲು ಶಕ್ತನಾಗುತ್ತಾನೆ.